ಲೆಕ್ಕ ಒಪ್ಪಿಸುವ ಬರವಣಿಗೆ: ಮ್ಯಾಕ್ಸ್ ಪೆರುಟ್ಸ್ ಸ್ಪರ್ಧೆ ನಡೆದುಬಂದ ದಾರಿ

ಬ್ರಿಟನ್ನಿನ ಪಾರ್ಲಿಮೆಂಟು 1911ರಲ್ಲಿ ರಾಷ್ಟ್ರೀಯ ವಿಮಾ ಕಾಯಿದೆಯನ್ನು ಅಂಗೀಕರಿಸಿತು. ಗಿರಣಿಯಲ್ಲೋ ಗಣಿಯಲ್ಲೋ ದುಡಿಯುವ ಕೂಲಿಕಾರ ವಾರಕ್ಕೆ ನಾಲ್ಕು ಪೆನ್ನಿ ಕಟ್ಟಬೇಕು. ಅದಕ್ಕೆ ಮಾಲೀಕ ಮೂರು, ಸರ್ಕಾರ ಎರಡು ಸೇರಿಸಬೇಕು. ಕಾಯಿಲೆ ಬಿದ್ದಾಗ ಅವನಿಗೆ ವೈದ್ಯರೂ ಸಿಗಬೇಕು, ಮನೆ ನಡೆಯಲು ಒಂದಿಷ್ಟು ಹಣವೂ ಸಿಗಬೇಕು. ಆಗಿನ ಹಣಕಾಸು ಮಂತ್ರಿ ಲಾಯ್ಡ್ ಜಾರ್ಜ್ ಹಟ ಹಿಡಿದು ತಂದ ಈ ಕಾಯಿದೆಯಲ್ಲಿ ಇನ್ನೊಂದು ಸಣ್ಣ ಏರ್ಪಾಡೂ ಇತ್ತು. ವಿಮೆಯ ಪಟ್ಟಿಯಲ್ಲಿರುವ ಒಬ್ಬೊಬ್ಬರ ತಲೆಗೆ ವರ್ಷಕ್ಕೆ ಒಂದು ಪೆನ್ನಿಯಂತೆ ಲೆಕ್ಕ ಹಾಕಿ ಅಷ್ಟು ಹಣವನ್ನು ವೈದ್ಯಕೀಯ ಸಂಶೋಧನೆಗೆ ಎತ್ತಿಡಬೇಕು. ಮನೆಮನೆಯನ್ನು ಕಾಡುತ್ತಿದ್ದ ಕ್ಷಯರೋಗವೇ ಇದಕ್ಕೆ ಮುಖ್ಯ ಕಾರಣ. ಹೀಗೆ ವರ್ಷಕ್ಕೆ ಕೂಡಿದ್ದು ಸುಮಾರು 57,000 ಪೌಂಡು. ಆ ಹಣವನ್ನು ನೋಡಿಕೊಳ್ಳಲು 1913ರಲ್ಲಿ ಒಂದು ಸಮಿತಿ ಹುಟ್ಟಿತು. 1920ರಲ್ಲಿ ಅದೇ ಸಮಿತಿ ರಾಜಶಾಸನ ಪಡೆದು ಮೆಡಿಕಲ್ ರಿಸರ್ಚ್ ಕೌನ್ಸಿಲ್ ಆಯಿತು.

ಇದೇ ಕೌನ್ಸಿಲ್ 1998ರಲ್ಲಿ, ತನ್ನ ಹಣದಿಂದ ಪಿಎಚ್.ಡಿ. ಮಾಡುತ್ತಿದ್ದ ಯುವಕ ಯುವತಿಯರಿಗಾಗಿ ಒಂದು ಬರವಣಿಗೆ ಸ್ಪರ್ಧೆಯನ್ನು ಆರಂಭಿಸಿತು. ಅದೇ ಮ್ಯಾಕ್ಸ್ ಪೆರುಟ್ಸ್ ವಿಜ್ಞಾನ ಬರವಣಿಗೆ ಪ್ರಶಸ್ತಿ. ಸ್ಪರ್ಧಿಗಳ ಮುಂದಿಟ್ಟ ಪ್ರಶ್ನೆ ಒಂದೇ ಸಾಲಿನದು: ನಿನ್ನ ಸಂಶೋಧನೆ ಏಕೆ ಮುಖ್ಯ? ಉತ್ತರ ಸಾಮಾನ್ಯ ಓದುಗರಿಗೆ ತಿಳಿಯುವಂತಿರಬೇಕು; ಅಳತೆ ಮೀರಬಾರದು. ಬಹಳ ವರ್ಷ ಆ ಅಳತೆ 800 ಪದ, ಈಚಿನ ವರ್ಷಗಳಲ್ಲಿ 1,100. ಮೊದಲ ಬಹುಮಾನ 1,500 ಪೌಂಡು. ಕನ್ನಡದ ವಿಜ್ಞಾನ ಬರವಣಿಗೆಗೆ ಮೀಸಲಾದ ಈ ಸಂಚಿಕೆಯಲ್ಲಿ ದೂರದ ಒಂದು ಸ್ಪರ್ಧೆಯ ಕಥೆಯನ್ನು ಹೇಳಲು ನನಗೆ ಸಾಕಷ್ಟು ಕಾರಣವಿದೆ. ಸಂಶೋಧನೆಗೆ ಹಣ ಕೊಡುವ ಸಂಸ್ಥೆಯೇ ತನ್ನ ವಿದ್ಯಾರ್ಥಿಗಳನ್ನು ನಿಲ್ಲಿಸಿ, ಹಣ ಕೊಟ್ಟ ಜನಕ್ಕೆ ಅವರ ಮಾತಿನಲ್ಲಿ ಲೆಕ್ಕ ಒಪ್ಪಿಸು ಎಂದು ಕೇಳಿದ್ದು ಸಣ್ಣ ಸಂಗತಿಯಲ್ಲ. ನಮ್ಮಲ್ಲಿ ಈ ಪ್ರಶ್ನೆ ಇನ್ನೂ ಗಟ್ಟಿಯಾಗಿ ಕೇಳಿಬಂದಿಲ್ಲ.

ಸ್ಪರ್ಧೆ ಹುಟ್ಟಿದ ಕಾಲವನ್ನು ನೋಡಬೇಕು. 1985ರಲ್ಲಿ ರಾಯಲ್ ಸೊಸೈಟಿ, ತಳಿವಿಜ್ಞಾನಿ ವಾಲ್ಟರ್ ಬಾಡ್ಮರ್ ಅವರ ಅಧ್ಯಕ್ಷತೆಯ ಸಮಿತಿಯಿಂದ ಒಂದು ವರದಿ ತರಿಸಿತ್ತು. ಜನರೊಂದಿಗೆ ಮಾತಾಡುವುದನ್ನು ವಿಜ್ಞಾನಿಗಳು ಕಲಿಯಬೇಕು, ಅದು ಅವರ ಕರ್ತವ್ಯ ಎಂದು ಆ ವರದಿ ನೇರವಾಗಿ ಹೇಳಿತು. ಅಲ್ಲಿಯವರೆಗೆ ಪತ್ರಿಕೆಗೆ ಬರೆಯುವ ವಿಜ್ಞಾನಿಯನ್ನು ಸಹೋದ್ಯೋಗಿಗಳು ಅನುಮಾನದಿಂದ ನೋಡುತ್ತಿದ್ದುದು ಸಾಮಾನ್ಯ. ವರದಿ ಬಂದಮೇಲೂ ಹೆಚ್ಚೇನೂ ಬದಲಾಗುತ್ತಿರಲಿಲ್ಲವೇನೋ. ಆದರೆ ಮುಂದಿನ ದಶಕ ಬ್ರಿಟನ್ನಿನ ವಿಜ್ಞಾನಕ್ಕೆ ಒಂದರ ಮೇಲೊಂದು ಪೆಟ್ಟು ಕೊಟ್ಟಿತು. ಹುಚ್ಚು ಹಸು ರೋಗವಿದ್ದರೂ ದನದ ಮಾಂಸ ತಿನ್ನಲು ಅಡ್ಡಿಯಿಲ್ಲ ಎಂದು ವರ್ಷಗಟ್ಟಲೆ ಭರವಸೆ ಕೊಟ್ಟಿದ್ದ ಸರ್ಕಾರ, 1996ರ ಮಾರ್ಚಿನಲ್ಲಿ ಆ ರೋಗಕ್ಕೂ ಮನುಷ್ಯರಲ್ಲಿ ಕಾಣಿಸಿಕೊಂಡ ಹೊಸ ಮಿದುಳು ಕಾಯಿಲೆಗೂ ನಂಟಿರಬಹುದೆಂದು ಒಪ್ಪಿಕೊಳ್ಳಬೇಕಾಯಿತು. 1998ರ ಫೆಬ್ರವರಿಯಲ್ಲಿ ಲ್ಯಾನ್ಸೆಟ್ ಪತ್ರಿಕೆ ಆಂಡ್ರ್ಯೂ ವೇಕ್‌ಫೀಲ್ಡ್ ಅವರ ಪ್ರಬಂಧವನ್ನು ಪ್ರಕಟಿಸಿತು. ದಡಾರ, ಮಂಗನಬಾವು, ರುಬೆಲ್ಲಾಗಳಿಗೆ ಕೊಡುವ ಲಸಿಕೆಗೂ ಮಕ್ಕಳ ಆಟಿಸಂಗೂ ಗಂಟು ಹಾಕಿದ್ದು ಈ ಪ್ರಬಂಧವೇ. ಅದನ್ನು ಲ್ಯಾನ್ಸೆಟ್ ಹಿಂತೆಗೆದುಕೊಳ್ಳಲು 2010 ಬರಬೇಕಾಯಿತು. ಅಷ್ಟು ಹೊತ್ತಿಗೆ ಲಕ್ಷಾಂತರ ತಾಯಂದಿರ ಮನಸ್ಸಿನಲ್ಲಿ ಹೆದರಿಕೆ ಬೇರೂರಿಯಾಗಿತ್ತು. ಸುಳ್ಳು ಸರಳ ಭಾಷೆಯಲ್ಲಿ ಓಡಾಡುವಾಗ ನಿಜ ತಾಂತ್ರಿಕ ಭಾಷೆಯಲ್ಲಿ ಕೂತಿದ್ದರೆ ಏನಾಗುತ್ತದೆಂದು ತಿಳಿಯಲು ಬೇರೆ ಪುರಾವೆ ಬೇಕಿಲ್ಲ. ಪೆರುಟ್ಸ್ ಸ್ಪರ್ಧೆ ಶುರುವಾದದ್ದೂ ಅದೇ ವರ್ಷ.

ಸ್ಪರ್ಧೆಗೆ ಪೆರುಟ್ಸ್ ಹೆಸರಿಟ್ಟದ್ದು ಬಹಳ ಸರಿಯಾದ ಆಯ್ಕೆ. ಅವರ ಬದುಕನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಅವರು ಹುಟ್ಟಿದ್ದು 1914ರ ಮೇ 19ರಂದು, ವಿಯೆನ್ನಾದಲ್ಲಿ. ಬಟ್ಟೆ ಗಿರಣಿಗಳ ಸಿರಿವಂತ ಮನೆತನ. ಮಗ ಕಾನೂನು ಓದಿ ವ್ಯವಹಾರ ನೋಡಿಕೊಳ್ಳಲಿ ಎಂದು ಹೆತ್ತವರ ಆಸೆ. ಮಗ ಹಿಡಿದದ್ದು ರಸಾಯನವಿಜ್ಞಾನ. 1936ರಲ್ಲಿ ಕೇಂಬ್ರಿಡ್ಜ್‌ಗೆ ಬಂದು ಜೆ. ಡಿ. ಬರ್ನಾಲ್ ಅವರ ಬಳಿ ಎಕ್ಸ್-ರೇಯಿಂದ ಸ್ಫಟಿಕಗಳ ಒಳರಚನೆ ತಿಳಿಯುವ ವಿದ್ಯೆ ಕಲಿಯತೊಡಗಿದರು. ಮರುವರ್ಷ ಹಿಮೋಗ್ಲೋಬಿನ್ ಕೈಗೆತ್ತಿಕೊಂಡರು. ರಕ್ತಕ್ಕೆ ಕೆಂಪು ಬಣ್ಣ ಕೊಡುವ, ಶ್ವಾಸಕೋಶದಿಂದ ಆಮ್ಲಜನಕ ಹೊತ್ತು ಮೈಯ ಮೂಲೆಮೂಲೆಗೆ ಮುಟ್ಟಿಸುವ ಪ್ರೋಟೀನು ಅದು. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ವಶಪಡಿಸಿಕೊಂಡ. ಯೆಹೂದಿ ಮೂಲದ ಪೆರುಟ್ಸ್ ಒಂದೇ ದಿನದಲ್ಲಿ ನಿರಾಶ್ರಿತರಾದರು. 1940ರಲ್ಲಿ ಬ್ರಿಟಿಷ್ ಸರ್ಕಾರವೂ ಅವರನ್ನು ಶತ್ರುದೇಶದವರೆಂದು ಬಂಧಿಸಿ ಹಡಗು ಹತ್ತಿಸಿ ಕೆನಡಾಕ್ಕೆ ಸಾಗಿಸಿತು. ಬಿಡುಗಡೆಯಾಗಿ ಮರಳಿದ ಕೆಲಕಾಲಕ್ಕೆ ಅದೇ ಸರ್ಕಾರ ಅವರನ್ನು ಒಂದು ಗುಪ್ತ ಯೋಜನೆಗೆ ಕರೆಸಿಕೊಂಡಿತು. ಅಟ್ಲಾಂಟಿಕ್ ಸಾಗರದ ನಡುವೆ ವಿಮಾನಗಳು ಇಳಿಯಲು ಮಂಜುಗಡ್ಡೆಯದೇ ಹಡಗು ಕಟ್ಟುವ ಯೋಜನೆ ಅದು. ಹಿಂದೆ ಆಲ್ಪ್ಸ್ ಪರ್ವತಗಳ ಹಿಮನದಿಗಳನ್ನು ಅಭ್ಯಾಸ ಮಾಡಿದ್ದ ಪೆರುಟ್ಸ್, ಲಂಡನ್ನಿನ ಸ್ಮಿತ್‌ಫೀಲ್ಡ್ ಮಾಂಸದ ಮಾರುಕಟ್ಟೆಯ ಕೆಳಗಿನ ಶೀತಲಗೃಹದಲ್ಲಿ ಕೂತು, ಮರದ ತಿರುಳು ಬೆರೆಸಿ ಹೆಪ್ಪುಗಟ್ಟಿಸಿದ ಮಂಜುಗಡ್ಡೆ ಎಷ್ಟು ಗಟ್ಟಿ ಎಂದು ಪರೀಕ್ಷಿಸಿದರು. ಹಡಗು ಕಟ್ಟಲಿಲ್ಲ. ಆದರೆ ಬಂಧನ ಮತ್ತು ಮಂಜುಗಡ್ಡೆ, ಎರಡನ್ನೂ ಸೇರಿಸಿ 1985ರಲ್ಲಿ ನ್ಯೂಯಾರ್ಕರ್ ಪತ್ರಿಕೆಗೆ ಅವರು ಬರೆದ ಆತ್ಮಕಥನದ ಲೇಖನ ಇಂದಿಗೂ ಓದಿಸಿಕೊಳ್ಳುತ್ತದೆ. ಇಂಗ್ಲಿಷು ಅವರ ತಾಯ್ನುಡಿಯಲ್ಲ. ಬೆಳೆದ ಮೇಲೆ ದುಡಿದು ಒಲಿಸಿಕೊಂಡ ಭಾಷೆ.

ಅವರ ಬರವಣಿಗೆಯ ರುಚಿ ತಿಳಿಯಲು ಒಂದು ಪ್ರಸಂಗ ಸಾಕು. 1951ರ ಒಂದು ಶನಿವಾರ ಬೆಳಿಗ್ಗೆ ಗ್ರಂಥಾಲಯದಲ್ಲಿ ಅವರ ಕೈಗೆ ಅಮೆರಿಕದ ಲೈನಸ್ ಪಾಲಿಂಗ್ ಅವರ ಪ್ರಬಂಧಗಳು ಸಿಕ್ಕವು. ಪ್ರೋಟೀನಿನ ಸರಪಳಿ ಸುರುಳಿಯಾಗಿ ಸುತ್ತಿಕೊಂಡಿರುತ್ತದೆ ಎಂದು ಪಾಲಿಂಗ್ ತೋರಿಸಿಕೊಟ್ಟಿದ್ದರು. ವರ್ಷಗಟ್ಟಲೆ ಇದೇ ವಿಷಯದಲ್ಲಿ ಮುಳುಗಿದ್ದ ಪೆರುಟ್ಸ್ ಮತ್ತು ಅವರ ಗುರು ಲಾರೆನ್ಸ್ ಬ್ರಾಗ್ ಇದನ್ನು ಕಾಣದೇ ಹೋಗಿದ್ದರು. ಸೈಕಲ್ ತುಳಿದು ಮನೆಗೆ ಹೋದ ಪೆರುಟ್ಸ್‌ಗೆ ಊಟ ಸೇರಲಿಲ್ಲ. ಈ ಸುರುಳಿ ನಿಜವಾದರೆ ಎಕ್ಸ್-ರೇ ಚಿತ್ರದಲ್ಲಿ ಒಂದೂವರೆ ಆಂಗ್‌ಸ್ಟ್ರಾಮ್ ಅಂತರಕ್ಕೆ ಸರಿಹೊಂದುವ ಗುರುತು ಮೂಡಬೇಕು, ಅದನ್ನು ಯಾರೂ ಹುಡುಕಿಯೇ ಇಲ್ಲ ಎಂಬುದು ಅವರಿಗೆ ಹೊಳೆಯಿತು. ಮಧ್ಯಾಹ್ನ ಪ್ರಯೋಗಾಲಯಕ್ಕೆ ಓಡಿ, ಡ್ರಾಯರಿನಲ್ಲಿದ್ದ ಒಂದು ಕುದುರೆ ಕೂದಲನ್ನು ಲೆಕ್ಕ ಹಾಕಿದ ಓರೆಯಲ್ಲಿ ಕಿರಣಕ್ಕೆ ಒಡ್ಡಿ ಚಿತ್ರ ತೆಗೆದರು. ಫಿಲ್ಮು ತೊಳೆದಾಗ ಗುರುತು ಅಲ್ಲೇ ಇತ್ತು. ಬ್ರಾಗ್ ಬಳಿ ಹೋಗಿ ತೋರಿಸಿದಾಗ, ಇದು ಹೇಗೆ ಹೊಳೆಯಿತು ಎಂದು ಅವರು ಕೇಳಿದರು. ಇಂಥದ್ದನ್ನು ನಾನೇ ಕಂಡುಹಿಡಿಯದೇ ಹೋದೆನಲ್ಲ ಎಂಬ ಸಿಟ್ಟಿನಿಂದ ಎಂದರು ಪೆರುಟ್ಸ್. ಹಾಗಾದರೆ ನಿನ್ನನ್ನು ಮೊದಲೇ ಸಿಟ್ಟಿಗೆಬ್ಬಿಸಬೇಕಾಗಿತ್ತು ಎಂದರಂತೆ ಬ್ರಾಗ್. ಆ ಮಾತನ್ನೇ ಪೆರುಟ್ಸ್ 1998ರಲ್ಲಿ ತಮ್ಮ ಲೇಖನ ಸಂಗ್ರಹಕ್ಕೆ ಹೆಸರಾಗಿಸಿದರು. ಪ್ರೋಟೀನಿನ ಸುರುಳಿ ನೆನಪಿನಲ್ಲಿ ಉಳಿಯದ ಓದುಗನಿಗೂ ಆ ಶನಿವಾರ, ಆ ಕುದುರೆ ಕೂದಲು, ಆ ಸಿಟ್ಟು ಉಳಿಯುತ್ತವೆ. ಅವುಗಳ ಬೆನ್ನು ಹತ್ತಿ ವಿಜ್ಞಾನವೂ ಒಳಗೆ ಬರುತ್ತದೆ.

ಹಿಮೋಗ್ಲೋಬಿನ್ ಮಾತ್ರ ಸುಲಭಕ್ಕೆ ಒಲಿಯಲಿಲ್ಲ. ಸ್ಫಟಿಕದ ಮೂಲಕ ಹಾದು ಚದುರಿದ ಎಕ್ಸ್-ರೇ ಕಿರಣ ಫಿಲ್ಮಿನ ಮೇಲೆ ಸಾವಿರಾರು ಚುಕ್ಕೆ ಮೂಡಿಸುತ್ತದೆ. ಯಾವ ಚುಕ್ಕೆ ಎಷ್ಟು ಗಾಢ ಎಂದು ಅಳೆಯಬಹುದು. ಆದರೆ ಆ ಅಲೆಗಳು ಒಂದಕ್ಕೊಂದು ಎಷ್ಟು ಹಿಂದೆ ಮುಂದೆ ಬಂದು ಬಿದ್ದವೆಂಬ ಮಾಹಿತಿ ಫಿಲ್ಮಿನಲ್ಲಿ ಉಳಿಯುವುದಿಲ್ಲ. ಅದಿಲ್ಲದೆ ಅಣುವಿನ ಆಕಾರ ತಿಳಿಯದು. ಈ ತೊಡಕಿಗೆ 1953ರಲ್ಲಿ ಪೆರುಟ್ಸ್ ದಾರಿ ಕಂಡರು. ಹಿಮೋಗ್ಲೋಬಿನ್ನಿಗೆ ಪಾದರಸದ ಪರಮಾಣುಗಳನ್ನು ಅಂಟಿಸಿ, ಅಂಟಿಸುವ ಮೊದಲಿನ ಮತ್ತು ನಂತರದ ಚಿತ್ರಗಳನ್ನು ಹೋಲಿಸಿದರು. ಸಾವಿರಾರು ಹಗುರ ಪರಮಾಣುಗಳ ನಡುವೆ ಎರಡೇ ಎರಡು ಭಾರದ ಪರಮಾಣು ಸೇರಿದರೂ ಚುಕ್ಕೆಗಳು ಅಳೆಯುವಷ್ಟು ಬದಲಾಗಿದ್ದವು. ಅಲ್ಲಿಂದ ಮುಂದೆ ಆರು ವರ್ಷ ದುಡಿದು 1959ರಲ್ಲಿ ಅಣುವಿನ ಮೊದಲ ಆಕೃತಿಯನ್ನು ಕಂಡರು. 1960ರ ಫೆಬ್ರವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಹಿಡಿದ ಕೆಲಸ ಕೈಗೂಡಲು 22 ವರ್ಷ ಬೇಕಾಯಿತು. 1962ರಲ್ಲಿ ಜಾನ್ ಕೆಂಡ್ರ್ಯೂ ಜೊತೆ ರಸಾಯನವಿಜ್ಞಾನದ ನೊಬೆಲ್ ಬಂತು.

ಸ್ಪರ್ಧೆಯ ಪ್ರಶ್ನೆಯನ್ನು ಈಗ ಪೆರುಟ್ಸ್ ಅವರಿಗೇ ಕೇಳಿ ನೋಡೋಣ. 1947ರಲ್ಲಿ ಕೌನ್ಸಿಲ್ ಅವರಿಗೂ ಕೆಂಡ್ರ್ಯೂಗೂ ಸೇರಿಸಿ ಕೇಂಬ್ರಿಡ್ಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಒಂದು ಪುಟ್ಟ ಘಟಕ ಮಾಡಿಕೊಟ್ಟಿತು. ಭೌತವಿಜ್ಞಾನದ ಕಟ್ಟಡದಲ್ಲಿ ಕೂತು ಕುದುರೆಯ ರಕ್ತಕ್ಕೆ ಎಕ್ಸ್-ರೇ ಹಾಯಿಸುವ ಇಬ್ಬರಿಗೆ ವೈದ್ಯಕೀಯದ ಹಣ! ನಿನ್ನ ಸಂಶೋಧನೆ ಏಕೆ ಮುಖ್ಯ, ಇದರಿಂದ ಯಾವ ರೋಗಿಗೆ ಏನು ಲಾಭ ಎಂದು ಆ ವರ್ಷ ಯಾರಾದರೂ ಕೇಳಿದ್ದರೆ ಪೆರುಟ್ಸ್ ಬಳಿ ಹೇಳಿಕೊಳ್ಳುವಂಥ ಉತ್ತರವಿರಲಿಲ್ಲ. ಆದರೆ ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಡಿಎನ್‌ಎ ರಚನೆಯನ್ನು ಬಿಡಿಸಿದ್ದು ಅದೇ ಘಟಕದಲ್ಲಿ. ಘಟಕ ಬೆಳೆದು 1962ರಲ್ಲಿ ಸ್ವಂತ ಕಟ್ಟಡಕ್ಕೆ ಹೋಗಿ ಲ್ಯಾಬೊರೇಟರಿ ಆಫ್ ಮಾಲಿಕ್ಯುಲರ್ ಬಯಾಲಜಿ ಆಯಿತು. 1979ರವರೆಗೆ ಪೆರುಟ್ಸ್ ಅದರ ಮುಖ್ಯಸ್ಥರು. 1975ರಲ್ಲಿ ಅಲ್ಲೇ ಸೀಸರ್ ಮಿಲ್‌ಸ್ಟೈನ್ ಮತ್ತು ಜಾರ್ಜ್ ಕೋಲರ್ ಒಂದೇ ಬಗೆಯ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ವಿಧಾನ ಕಂಡುಹಿಡಿದರು. ಇಂದು ನಮ್ಮೂರಿನ ಆಸ್ಪತ್ರೆಗಳಲ್ಲೂ ಸ್ತನ ಕ್ಯಾನ್ಸರಿಗೆ, ಸಂಧಿವಾತಕ್ಕೆ ಚುಚ್ಚುವ ಎಷ್ಟೋ ಔಷಧಗಳ ಬೇರು ಅದು.

ಆದ್ದರಿಂದ ಈ ಪ್ರಶ್ನೆಗೆ ಒಂದು ಅಪಾಯವೂ ಇದೆ. ಮುಖ್ಯ ಎಂದರೆ ನಾಳೆಯೇ ಉಪಯೋಗಕ್ಕೆ ಬರುವುದು ಎಂದು ವಿದ್ಯಾರ್ಥಿ ತಿಳಿದರೆ, ಪ್ರತಿಯೊಂದು ಲೇಖನವೂ ಇನ್ನೇನು ಕ್ಯಾನ್ಸರ್ ಗುಣವಾಗಲಿದೆ ಎಂದು ಮುಗಿಯುತ್ತದೆ. ಅದು ಜನರಿಗೆ ಮಾಡುವ ಮೋಸ. ಪೆರುಟ್ಸ್ ಹೆಸರಿನ ಸ್ಪರ್ಧೆಯಲ್ಲಿ ಆ ಮೋಸ ನಡೆಯಕೂಡದು. ಗೊತ್ತಿಲ್ಲದ್ದನ್ನು ತಿಳಿಯಲು ಹೊರಟಿದ್ದೇನೆ, ತಿಳಿದರೆ ಇಂಥ ಬಾಗಿಲು ತೆರೆಯಬಹುದು, ತೆರೆಯದೆಯೂ ಇರಬಹುದು ಎಂದು ಪ್ರಾಮಾಣಿಕವಾಗಿ ಹೇಳಿ ಓದುಗನ ಕುತೂಹಲ ಗೆಲ್ಲುವುದೇ ನಿಜವಾದ ಉತ್ತರ. ಪೆರುಟ್ಸ್ ತಮ್ಮ ಬರಹಗಳಲ್ಲಿ ಮಾಡಿದ್ದು ಅದನ್ನೇ. ಹಿಮೋಗ್ಲೋಬಿನ್ನಿನಲ್ಲಿ ಆಮ್ಲಜನಕ ಹಿಡಿಯುವ ತಾಣಗಳು ನಾಲ್ಕು. ಒಂದು ತಾಣ ಆಮ್ಲಜನಕವನ್ನು ಹಿಡಿದ ಕೂಡಲೇ ಇಡೀ ಅಣುವಿನ ಆಕಾರ ಸ್ವಲ್ಪ ಬದಲಾಗಿ ಉಳಿದ ತಾಣಗಳಿಗೆ ಹಿಡಿಯುವುದು ಇನ್ನೂ ಸುಲಭವಾಗುತ್ತದೆ. ಇದನ್ನು ಹೇಳಲು ಅವರು ಬೈಬಲ್ಲಿನ ಸಾಮತಿಯನ್ನು ನೆನೆದರು: ಉಳ್ಳವನಿಗೆ ಇನ್ನಷ್ಟು ಸಿಗುವ ಸಾಮತಿ. ಅವರ ಓದುಗರೆಲ್ಲ ಚಿಕ್ಕಂದಿನಿಂದ ಕೇಳಿದ್ದ ಮಾತದು. ರೋಗಿಗೆ ಏನು ಲಾಭ ಎಂಬ ಮಾತು ಅಲ್ಲಿ ಬರುವುದಿಲ್ಲ. ಆದರೂ ನಮ್ಮ ಪ್ರತಿಯೊಂದು ಉಸಿರಿನ ಹಿಂದೆ ಇಂಥದ್ದೊಂದು ನಡೆಯುತ್ತಿದೆ ಎಂದು ತಿಳಿದಾಗ ಅದು ಮುಖ್ಯವಲ್ಲ ಎನ್ನುವ ಧೈರ್ಯ ಯಾರಿಗಿದೆ? ವಿಜ್ಞಾನಿಯೊಳಗಿನ ಸಾಹಿತಿಯನ್ನು ಗೌರವಿಸುವ ಲೂಯಿಸ್ ಥಾಮಸ್ ಪ್ರಶಸ್ತಿ 1997ರಲ್ಲಿ ಅವರಿಗೆ ಸಂದಿತು. ಮರುವರ್ಷ ಕೌನ್ಸಿಲಿನ ಸ್ಪರ್ಧೆ ಶುರುವಾದಾಗ ಅವರಿಗೆ 84. 2002ರ ಫೆಬ್ರವರಿ 6ರಂದು ತೀರಿಕೊಂಡರು.

ಸ್ಪರ್ಧೆ ನಡೆದ ಬಗೆಯನ್ನು ಹೇಳಲು ಹೆಚ್ಚು ಮಾತು ಬೇಡ. ಕೌನ್ಸಿಲಿನ ಹಣ ಪಡೆಯುವ ಪಿಎಚ್.ಡಿ. ವಿದ್ಯಾರ್ಥಿಗಳು ಲೇಖನ ಕಳಿಸುತ್ತಾರೆ. ಆಯ್ದ ಕೆಲವು ಅಂತಿಮ ಪಟ್ಟಿಗೆ ಬರುತ್ತವೆ. ತೀರ್ಪುಗಾರರಲ್ಲಿ ವಿಜ್ಞಾನಿಗಳ ಜೊತೆಗೆ ಪತ್ರಕರ್ತರೂ ಇರುತ್ತಾರೆ. ಗೆದ್ದ ಲೇಖನ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಈಚೆಗೆ ಅಬ್ಸರ್ವರ್ ವಾರಪತ್ರಿಕೆ ಅದಕ್ಕೆ ಜಾಗ ಕೊಟ್ಟಿತು. ಅಂತಿಮ ಪಟ್ಟಿಗೆ ಬಂದವರಿಗೆ ನುರಿತ ಬರಹಗಾರರಿಂದ ತರಬೇತಿ ಕೊಡಿಸುವುದೂ ಉಂಟು. ನನ್ನ ಮಟ್ಟಿಗೆ ಬಹುಮಾನಕ್ಕಿಂತ ಈ ತರಬೇತಿ ದೊಡ್ಡದು. ಬಹುಮಾನ ಕೆಲವರಿಗೆ, ಕಲಿಕೆ ಹಲವರಿಗೆ. 2018ರಲ್ಲಿ ಕೌನ್ಸಿಲ್ ಯುಕೆ ರಿಸರ್ಚ್ ಅಂಡ್ ಇನ್ನೊವೇಷನ್ ಎಂಬ ದೊಡ್ಡ ಕೊಡೆಯಡಿ ಸೇರಿತು. ಸ್ಪರ್ಧೆ ಆಮೇಲೂ ಮುಂದುವರಿಯಿತು. ಒಂದು ಕೊರತೆಯನ್ನೂ ಹೇಳಬೇಕು. ಕೌನ್ಸಿಲಿನ ಹಣ ಪಡೆಯದ ವಿದ್ಯಾರ್ಥಿಗೆ ಇಲ್ಲಿ ಪ್ರವೇಶವಿಲ್ಲ. 2011ರಲ್ಲಿ ವೆಲ್‌ಕಮ್ ಟ್ರಸ್ಟ್, ಗಾರ್ಡಿಯನ್ ಮತ್ತು ಅಬ್ಸರ್ವರ್ ಪತ್ರಿಕೆಗಳ ಜೊತೆ ಸೇರಿ ಎಲ್ಲರಿಗೂ ತೆರೆದ ಒಂದು ವಿಜ್ಞಾನ ಬರವಣಿಗೆ ಸ್ಪರ್ಧೆ ನಡೆಸಿತು. ಅದರ ವ್ಯಾಪ್ತಿ ದೊಡ್ಡದಾಗಿತ್ತು. ಆದರೆ ಪೆರುಟ್ಸ್ ಸ್ಪರ್ಧೆಯಲ್ಲಿ ಸ್ವಂತ ಕೆಲಸವನ್ನು ಬಿಟ್ಟು ಬೇರೆ ವಿಷಯ ಬರೆಯಲು ಬರುವುದಿಲ್ಲ. ಆ ಕಟ್ಟುಪಾಡೇ ಅದರ ಶಕ್ತಿ.

ಸ್ವಂತ ಕೆಲಸದ ಬಗ್ಗೆ ಬರೆಯುವುದು ಎಷ್ಟು ಕಷ್ಟ ಎಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. ಕ್ಷಯದ ಔಷಧಗಳ ಮೇಲೆ ಕೆಲಸ ಮಾಡುವ ವಿದ್ಯಾರ್ಥಿಯ ಪ್ರಬಂಧದಲ್ಲಿ ಇಂಥ ವಾಕ್ಯ ಇರುತ್ತದೆ: 'ಐಸೋನಿಯಾಜಿಡ್ ಒಂದು ಪೂರ್ವೌಷಧ, ಕ್ಯಾಟಲೇಸ್-ಪೆರಾಕ್ಸಿಡೇಸ್ ಕಿಣ್ವದ ವಂಶವಾಹಿಯಲ್ಲಿನ ಉತ್ಪರಿವರ್ತನೆಯಿಂದ ಪ್ರತಿರೋಧ ಉಂಟಾಗುತ್ತದೆ.' ತಪ್ಪಿಲ್ಲ. ಆದರೆ ಮಾತ್ರೆ ನುಂಗುತ್ತಿರುವವರಿಗೆ ಇದರಿಂದ ಏನೂ ತಿಳಿಯಲಿಲ್ಲ. ಇದನ್ನೇ ಹೀಗೆ ಬರೆಯಬಹುದು: 'ನೀವು ನುಂಗುವ ಐಸೋನಿಯಾಜಿಡ್ ಮಾತ್ರೆ ತಾನಾಗಿ ಕ್ಷಯದ ಬ್ಯಾಕ್ಟೀರಿಯಾವನ್ನು ಕೊಲ್ಲದು. ಬ್ಯಾಕ್ಟೀರಿಯಾದ ಒಳಗಿರುವ ಒಂದು ಕಿಣ್ವವೇ ಆ ಮಾತ್ರೆಯನ್ನು ವಿಷವಾಗಿ ಮಾರ್ಪಡಿಸುತ್ತದೆ. ಆ ಕಿಣ್ವ ಕೆಟ್ಟಿರುವ ಬ್ಯಾಕ್ಟೀರಿಯಾಗಳು ಬದುಕಿ ಉಳಿಯುತ್ತವೆ. ಮಾತ್ರೆಗಳನ್ನು ನಡುವೆಯೇ ಬಿಟ್ಟರೆ, ಮತ್ತೆ ಹೆಚ್ಚುವ ಅವಕಾಶ ಸಿಗುವುದು ಇಂಥವಕ್ಕೇ.' ಎರಡನೆಯದನ್ನು ಬರೆಯಲು ಮೊದಲನೆಯದಕ್ಕಿಂತ ಹೆಚ್ಚು ತಿಳಿದಿರಬೇಕು. ಯಾವುದನ್ನು ಬಿಡಬಹುದು, ಯಾವುದನ್ನು ಬಿಟ್ಟರೆ ಸುಳ್ಳಾಗುತ್ತದೆ ಎಂದು ವಿದ್ಯಾರ್ಥಿ ಸಾಲು ಸಾಲಿಗೂ ತೀರ್ಮಾನಿಸಬೇಕಾಗುತ್ತದೆ. ಆ ತೀರ್ಮಾನಗಳಲ್ಲಿ ಅವನ ವಿಜ್ಞಾನವೂ ತಿಳಿಯಾಗುತ್ತದೆ.

ಕ್ಷಯದ ಉದಾಹರಣೆಯನ್ನು ಬೇಕೆಂದೇ ತೆಗೆದುಕೊಂಡೆ. ಕ್ಷಯಕ್ಕಾಗಿ ಕೂಡಿಸಿದ ಪೆನ್ನಿಯಿಂದ ಹುಟ್ಟಿದ ಆ ಕೌನ್ಸಿಲ್ ನಮ್ಮ ನೆಲಕ್ಕೂ ಬಂದಿತ್ತು. 1956ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆಗಳ ಜೊತೆಗೂಡಿ ಅದು ಮದ್ರಾಸಿನಲ್ಲಿ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ ತೆರೆಯಲು ನೆರವಾಯಿತು. ವ್ಯಾಲೇಸ್ ಫಾಕ್ಸ್ ಅವರ ಮುಂದಾಳತ್ವದಲ್ಲಿ ಅಲ್ಲಿ 193 ಬಡ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸ್ಯಾನಟೋರಿಯಂ ಎಂಬ ಕ್ಷಯದ ಆಸ್ಪತ್ರೆಯಲ್ಲಿ ಹಾಸಿಗೆ, ಒಳ್ಳೆಯ ಊಟ, ವಿಶ್ರಾಂತಿಯ ಜೊತೆ ಔಷಧ ಕೊಟ್ಟರು. ಇನ್ನೊಂದು ಗುಂಪಿನವರು ತಮ್ಮ ಇಕ್ಕಟ್ಟಾದ ಮನೆಗಳಲ್ಲೇ ಇದ್ದು ಅದೇ ಔಷಧ ತೆಗೆದುಕೊಂಡರು. ವರ್ಷದ ಕೊನೆಗೆ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಸಮ ಗುಣವಾಗಿದ್ದವು. ಮನೆಯವರಿಗೆ ರೋಗ ತಗುಲುವ ಅಪಾಯವೂ ಹೆಚ್ಚಿರಲಿಲ್ಲ. 1959ರ ಈ ಫಲಿತಾಂಶ ಜಗತ್ತಿನ ಸ್ಯಾನಟೋರಿಯಂಗಳ ಬಾಗಿಲು ಮುಚ್ಚಲು ಕಾರಣವಾದವುಗಳಲ್ಲಿ ಒಂದು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿನ ಅಧ್ಯಯನಗಳ ಬುನಾದಿಯ ಮೇಲೆ 1962ರಲ್ಲಿ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ರೂಪುಗೊಂಡಿತು. ಇಷ್ಟು ದೊಡ್ಡ ಕಥೆ ನಮ್ಮ ಮನೆಬಾಗಿಲಲ್ಲೇ ನಡೆಯಿತು. ಕನ್ನಡದ ಎಷ್ಟು ಓದುಗರಿಗೆ ಇದು ಗೊತ್ತು?

ಭಾರತ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2018ರಲ್ಲಿ 'ಅವಸರ್' ಎಂಬ ಹೆಸರಿನಲ್ಲಿ ಇಂಥದ್ದೇ ಸ್ಪರ್ಧೆಯನ್ನು ಆರಂಭಿಸಿತು. ಪಿಎಚ್.ಡಿ. ವಿದ್ಯಾರ್ಥಿಗಳೂ ಪಿಎಚ್.ಡಿ. ಮುಗಿಸಿ ಸಂಶೋಧನೆ ಮುಂದುವರಿಸಿದವರೂ ತಮ್ಮ ಕೆಲಸವನ್ನು ಜನರಿಗೆ ತಿಳಿಯುವ ಕಥೆಯಾಗಿ ಬರೆಯಬೇಕಿತ್ತು. ವಿದ್ಯಾರ್ಥಿಗಳ ವಿಭಾಗದಲ್ಲಿ 100 ಬರಹಗಳಿಗೆ ತಲಾ 10,000 ರೂಪಾಯಿ, ಮೊದಲ ಮೂರಕ್ಕೆ ಒಂದು ಲಕ್ಷ, 50,000 ಮತ್ತು 25,000. ಇನ್ನೊಂದು ವಿಭಾಗದಲ್ಲಿ 20 ಬರಹಗಳಿಗೆ 10,000, ಅತ್ಯುತ್ತಮವಾದ ಒಂದಕ್ಕೆ ಒಂದು ಲಕ್ಷ ಎಂದು ಗೊತ್ತುಮಾಡಿದರು. ಸಿ. ವಿ. ರಾಮನ್ ತಮ್ಮ ಶೋಧವನ್ನು ಪ್ರಕಟಿಸಿದ ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದಂದು ಪ್ರಶಸ್ತಿ ಪ್ರದಾನ. ಬ್ರಿಟನ್ನಿನ ಕೆಲವೇ ಬಹುಮಾನಗಳ ಬದಲು ಇಲ್ಲಿ ನೂರಿಪ್ಪತ್ತಕ್ಕೂ ಮೇಲ್ಪಟ್ಟು ಬಹುಮಾನ. ನಮ್ಮಂಥ ದೊಡ್ಡ ದೇಶಕ್ಕೆ ಇದೇ ಸರಿ ಎಂಬುದು ನನ್ನ ಎಣಿಕೆ. ಮೊದಲ ಸಲ ಬರೆಯುವವರಿಗೆ ಚಿನ್ನದ ಪದಕಕ್ಕಿಂತ ಬೆನ್ನು ತಟ್ಟುವ ಕೈ ಮುಖ್ಯ. ಸ್ಪರ್ಧೆಯನ್ನು ನಡೆಸಲು ಇಲಾಖೆಗೆ ಜೊತೆಯಾದ ವಿಜ್ಞಾನ್ ಪ್ರಸಾರ್ ಸಂಸ್ಥೆ 2023ರಲ್ಲಿ ಮುಚ್ಚಿಹೋದದ್ದು ದೊಡ್ಡ ನಷ್ಟ. ಕನ್ನಡದಲ್ಲಿ 'ಕುತೂಹಲಿ' ಪತ್ರಿಕೆಯನ್ನು ತಂದದ್ದೂ ಅದೇ ಸಂಸ್ಥೆ.

ಸ್ವಂತ ಸಂಶೋಧನೆಯನ್ನು ಜನರ ಭಾಷೆಯಲ್ಲಿ ಬರೆಯುವುದು ಕನ್ನಡಕ್ಕೆ ಹೊಸದೇನಲ್ಲ. 1918ರಲ್ಲೇ ಬೆಂಗಳೂರಿನಿಂದ 'ವಿಜ್ಞಾನ' ಎಂಬ ಮಾಸಪತ್ರಿಕೆ ಹೊರಟಿತ್ತು. ಅದರ ಹಿಂದಿದ್ದವರು ಸೆಂಟ್ರಲ್ ಕಾಲೇಜಿನ ಭೌತವಿಜ್ಞಾನದ ಪ್ರಾಧ್ಯಾಪಕ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್. ಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲ, ಆದರೆ ದಾರಿ ತೋರಿತು. ಪೆರುಟ್ಸ್ ಅವರ ಪಕ್ಕದಲ್ಲಿ ನಿಲ್ಲಿಸಬಲ್ಲ ಕನ್ನಡಿಗರೆಂದರೆ ಬಿ. ಜಿ. ಎಲ್. ಸ್ವಾಮಿ. ಹಾರ್ವರ್ಡ್‌ನಲ್ಲಿ ಇರ್ವಿಂಗ್ ಬೇಯ್ಲಿ ಅವರ ಬಳಿ ದುಡಿದು, ಪಶ್ಚಿಮ ಘಟ್ಟದಲ್ಲಿ ಕಂಡ ಹೊಸ ಸಸ್ಯಕ್ಕೆ ಆ ಗುರುವಿನ ಹೆಸರಿಟ್ಟ ಸಸ್ಯವಿಜ್ಞಾನಿ ಅವರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಅಲೆದ ಕಥೆಯನ್ನು, ಗಿಡಗಳ ಚಿತ್ರಗಳನ್ನು ತಾವೇ ಬರೆದು, 'ಹಸುರು ಹೊನ್ನು' ಮಾಡಿದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಿಜ್ಞಾನಿಯ ಸ್ವಂತ ಕೆಲಸವೇ ಶ್ರೇಷ್ಠ ಸಾಹಿತ್ಯವಾದ ಉದಾಹರಣೆ ಇದು. ಶಿವರಾಮ ಕಾರಂತ, ಜೆ. ಆರ್. ಲಕ್ಷ್ಮಣರಾವ್, ಜಿ. ಟಿ. ನಾರಾಯಣರಾವ್ ಮುಂತಾದವರು ಕಟ್ಟಿದ ಪರಂಪರೆಯೂ ನಮ್ಮ ಬೆನ್ನಿಗಿದೆ. ಆದರೆ ಅವರಲ್ಲಿ ಹೆಚ್ಚಿನವರು ಬರೆದದ್ದು ಬೇರೆಯವರ ಶೋಧಗಳ ಕಥೆ. ಸ್ವಾಮಿಯವರಂತೆ ತನ್ನ ಕೈಯ ಕೆಸರಿನ ಕಥೆಯನ್ನೇ ಬರೆಯುವ ವಿಜ್ಞಾನಿಗಳು ವಿರಳ.

ಇಂದು ಬೆಂಗಳೂರು, ಮೈಸೂರು, ಧಾರವಾಡ, ಮಂಗಳೂರು, ಕಲಬುರಗಿಗಳ ಪ್ರಯೋಗಾಲಯಗಳಲ್ಲಿ ಕನ್ನಡ ಮಾತಾಡುವ ನೂರಾರು ಹುಡುಗ ಹುಡುಗಿಯರು ಪಿಎಚ್.ಡಿ. ಮಾಡುತ್ತಿದ್ದಾರೆ. ರಾಗಿಯ ತಳಿ, ಹಾವಿನ ವಿಷ, ಮಳೆಯ ಲೆಕ್ಕ, ಪ್ರೋಟೀನಿನ ರಚನೆ ಹೀಗೆ ಎಷ್ಟೋ ವಿಷಯಗಳು ಅಲ್ಲಿವೆ. ಅವರ ವಿದ್ಯಾರ್ಥಿವೇತನದಲ್ಲಿ ಸೋಪು, ಬೆಂಕಿಪೆಟ್ಟಿಗೆ ಕೊಳ್ಳುವವರ ತೆರಿಗೆಯ ಪಾಲೂ ಇದೆ. ನಮ್ಮ ವಿಶ್ವವಿದ್ಯಾಲಯಗಳೂ ವಿಜ್ಞಾನ ಅಕಾಡೆಮಿಗಳೂ ಕೂಡಿ ಕನ್ನಡದಲ್ಲಿ ಇಂಥದ್ದೊಂದು ವಾರ್ಷಿಕ ಸ್ಪರ್ಧೆ ನಡೆಸಬೇಕು. ಸ್ವಂತ ಸಂಶೋಧನೆಯೇ ವಿಷಯವಾಗಲಿ. ಭಾಷೆ ತಡವರಿಸುವವರಿಗೆ ಕೈಹಿಡಿದು ತಿದ್ದಲು ನುರಿತ ಬರಹಗಾರರನ್ನು ಜೊತೆಮಾಡಲಿ. ಗೆದ್ದ ಬರಹಗಳು ದಿನಪತ್ರಿಕೆಗಳಲ್ಲಿ ಬರಲಿ, ಸೋತವು ಶಾಲಾ ಗ್ರಂಥಾಲಯಗಳಿಗೆ ಹೋಗುವ ಸಂಕಲನವಾಗಲಿ. ಮಾರ್ಗದರ್ಶಕರು ಇದನ್ನು ಸಮಯ ಹಾಳು ಎಂದು ತಡೆಯದಿರಲಿ.

ಸ್ಪರ್ಧೆ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಈ ಸಂಚಿಕೆಯನ್ನು ಓದುತ್ತಿರುವ ಸಂಶೋಧನಾ ವಿದ್ಯಾರ್ಥಿಗಳೇ, ನಿಮ್ಮ ಮಹಾಪ್ರಬಂಧ ಸಲ್ಲಿಸುವ ಮುನ್ನ ನಿಮ್ಮ ಕೆಲಸವನ್ನು ಕುರಿತು ಸಾವಿರ ಪದಗಳ ಒಂದು ಲೇಖನವನ್ನು ಕನ್ನಡದಲ್ಲಿ ಬರೆಯಿರಿ. ವಿಜ್ಞಾನ ಓದದ ನಿಮ್ಮ ಮನೆಯವರೊಬ್ಬರಿಗೆ ಅದನ್ನು ಓದಿ ಹೇಳಿ, ಅವರಿಗೆ ತಿಳಿಯದ ಕಡೆ ತಿದ್ದಿ, ಆಮೇಲೆ ಯಾವುದಾದರೂ ಪತ್ರಿಕೆಗೆ ಕಳಿಸಿ.